ಮಾಲೆಫಾ ನಡೆಸಿದ ಮೂರು ಕಾಲಿನ ನಾಯಿ

ಮಾಲೆಫಾಳಿಗೆ ಹೇಸಿಗೆ ತರಿಸದ ವಸ್ತು ಹಾ ಸೆಕಾಟ್ಲೆ ಊರಿನಲ್ಲಿ ಒಂದೂ ಇರಲಿಲ್ಲ. ಹುಳಿ ಹಾಲಿನ ಗಡಿಗೆಯ ಅಂಚಿಗೆ ಒಣಗಿ ಹತ್ತಿದ ಕೆನೆ, ಪಾದ್ರಿಯ ಕೊರಳಪಟ್ಟಿಯ ಮೇಲಿನ ಬೆವರಿನ ಗೆರೆ, ಹೆಂಡದ ಮನೆಯಲ್ಲಿ ಗಂಡಸರು ಒಂದೇ ಡಬ್ಬಿಗೆ ಒಬ್ಬರಾದ ಮೇಲೊಬ್ಬರು ಬಾಯಿ ಹಚ್ಚಿ ಹೀರುವ ಜೋಳದ ಹೆಂಡ, ಎಲ್ಲಕ್ಕೂ ಅವಳು ಮೂಗು ಮುರಿಯುತ್ತಿದ್ದಳು. ಯಾರದೋ ಮನೆಗೆ ಹೋದರೆ ಕೊಟ್ಟ ಬಟ್ಟಲನ್ನು ಹೊದ್ದ ಕಂಬಳಿಯ ಅಂಚಿನಿಂದ ಒರೆಸಿಯೇ ಬಾಯಿಗಿಡುವಳು, ಒರೆಸಿದ್ದನ್ನು ಮುಚ್ಚಿಡುವ ಮರ್ಯಾದೆಯೂ ಅವಳಿಗಿರಲಿಲ್ಲ. ಹಾಗಂತ ಅವಳ ಕೆಲಸವೇನು ಹೂ ಕಟ್ಟುವುದಲ್ಲ. ಉಣ್ಣೆ ಕತ್ತರಿಸುವ ಮನೆಯಲ್ಲಿ ಮೇಜಿನ ಮುಂದೆ ನಿಂತು, ಹಿಕ್ಕೆ ಅಂಟಿದ, ಮೂತ್ರ ಕುಡಿದು ಹಳದಿಯಾದ ತುಪ್ಪಟವನ್ನು ಒಳ್ಳೆಯ ಉಣ್ಣೆಯಿಂದ ಕಿತ್ತು ಬೇರೆ ಮಾಡುವುದು. ಹೊಲಸನ್ನು ಅವಳಷ್ಟು ಬೇಗ ಗುರುತಿಸುವವರು ಇನ್ನೊಬ್ಬರಿಲ್ಲ ಎಂದು ಮೇಸ್ತ್ರಿಯೇ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷ ಆ ಮೇಜಿನ ಮುಂದೆ ನಿಂತವಳಿಗೆ ಮನುಷ್ಯರನ್ನೂ ಹಾಗೆಯೇ ಬಿಡಿಸಿ ನೋಡುವ ಚಟ ಹತ್ತಿದ್ದರೆ ಅದರಲ್ಲಿ ಅವಳ ತಪ್ಪೇನಿಲ್ಲ.

ನಮ್ಮಲ್ಲಿ ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮನೆಯವರು ಅವತ್ತೇ ಹೊಸ ಹೆಸರಿಡುತ್ತಾರೆ, ಇನ್ನೂ ಹುಟ್ಟದ ಮಗುವಿನ ತಾಯಿಯೆಂದು. ಅವಳನ್ನು ಲೆಫಾನ ತಾಯಿ, ಮಾಲೆಫಾ ಎಂದರು. ಲೆಫಾ ಅಂದರೆ ವಾರಸು, ಮನೆತನದ ಆಸ್ತಿ. ಲೆಫಾ ಹುಟ್ಟಲೇ ಇಲ್ಲ. ಹೆಸರು ಮಾತ್ರ ಹೆಗಲ ಮೇಲೆ ಹಾಗೆಯೇ ಕೂತಿತು. ಕೆರೆದಡದಲ್ಲಿ, ಚರ್ಚಿನಲ್ಲಿ, ಅಂಗಡಿಯಲ್ಲಿ ಜನ ಅವಳನ್ನು ದಿನಕ್ಕೆ ಹತ್ತು ಸಲ ಇಲ್ಲದ ಮಗನ ಹೆಸರು ಹಿಡಿದು ಕೂಗಿದರು, ಅವಳು ಹತ್ತು ಸಲವೂ ಓಗೊಟ್ಟಳು. ಗಂಡ ತುಲೊ ಎದೆಯ ಕಾಯಿಲೆಯಿಂದ ತೀರಿಕೊಂಡಾಗ ಅವಳಿಗೆ ಉಳಿದದ್ದು ಒಂದು ದುಂಡನೆಯ ಕಲ್ಲುಮನೆ, ನಲವತ್ತೊಂದು ಕುರಿ, ಒಂದು ಕಂದು ನಾಯಿ. ನಾಯಿಗೆ ತುಲೊ ಬಾರೆಂಗ್ ಎಂದು ಹೆಸರಿಟ್ಟಿದ್ದ. ‘ಅವರೇನಂತಾರೆ’ ಎಂದು ಅದರ ಅರ್ಥ. ಬಾಯಿ ಬಿಟ್ಟು ಬೈಯಲಾಗದ ನೆರೆಹೊರೆಯವರಿಗೆ ಕೇಳಿಸಲೆಂದು ನಾಯಿಗೆ ಇಂಥ ಹೆಸರಿಡುವುದು ನಮ್ಮ ಕಡೆ ಹಳೆಯ ಚೇಷ್ಟೆ.

ಮಕ್ಕಳಿಲ್ಲದ ವಿಧವೆಯ ಕುರಿಗಳ ಮೇಲೆ ಗಂಡನ ತಮ್ಮನ ಕಣ್ಣಿರುತ್ತದೆ. ತುಲೊನ ತಮ್ಮ ಸೆಟೆನಾನೆಯ ಕಣ್ಣಂತೂ ಅಲ್ಲೇ ನಟ್ಟಿತ್ತು. ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂತು, ಅತ್ತಿಗೆ, ನಿಮ್ಮ ಮಂದೆಯನ್ನು ನನ್ನದರ ಜೊತೆ ಕೂಡಿಸಿಬಿಡೋಣ, ನಿಮಗೂ ಚಿಂತೆ ತಪ್ಪುತ್ತದೆ ಎಂದು ಬೆಣ್ಣೆ ಹಚ್ಚುವನು. ಹಾಗೆ ಕೂಡಿಸಿದ ಮಂದೆ ಮತ್ತೆ ಬೇರೆಯಾದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಬೇಸಿಗೆ ಬಂತೆಂದರೆ ಮಂದೆಗಳು ಮೇಲಿನ ಬೆಟ್ಟದ ದೊಡ್ಡಿಗಳಿಗೆ ಹೋಗಿ ಐದು ತಿಂಗಳು ಅಲ್ಲೇ ಇರುತ್ತವೆ. ಅಲ್ಲಿ ನರಿಗಳಿವೆ, ಕುರಿಗಳ್ಳರಿದ್ದಾರೆ. ಮಾಲೆಫಾಳ ಕುರುಬ ಕಾಬೆಲೊ ಐವತ್ತು ದಾಟಿದವನು, ಪ್ರಾಮಾಣಿಕ, ಆದರೆ ಕೂತಲ್ಲಿ ತೂಕಡಿಸುವವನು. ನಿಜವಾಗಿ ಮಂದೆ ಕಾಯುತ್ತಿದ್ದದ್ದು ಬಾರೆಂಗ್. ಅದಿರುವವರೆಗೂ ಸೆಟೆನಾನೆಗೆ ಹೇಳಲು ನೆಪವಿರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಹೊಳೆಯಾಚೆಯ ಕಾಲುದಾರಿಯಲ್ಲಿ ನಾಯಿ ನರಿ ಹಿಡಿಯುವ ಕಬ್ಬಿಣದ ಹಲ್ಲುಬೋನಿಗೆ ಸಿಕ್ಕಿತು. ಎಡ ಮುಂಗಾಲು. ಬೋನು ಇಡುವವನು ಮೊದಲು ಊರ ಸಭೆಯಲ್ಲಿ ಎದ್ದು ನಿಂತು, ಇಂಥ ಕಡೆ ಇಟ್ಟಿದ್ದೇನೆ ಎಂದು ಸಾರಬೇಕು, ಅದು ಕಟ್ಟಳೆ. ಈ ಬೋನಿನ ಬಗ್ಗೆ ಯಾರೂ ಸಾರಿರಲಿಲ್ಲ. ಆದರೆ ಅದರ ಸರಪಳಿಗೆ ಕಟ್ಟಿದ್ದ ನೀಲಿ ಹಗ್ಗ ಸೆಟೆನಾನೆಯ ಕುದುರೆಯ ಹಗ್ಗವೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅವನು ಬಂದು ನೋಡಿ, ಪಾಪ, ಯಾವ ಅಯೋಗ್ಯ ಇಟ್ಟನೋ ಎಂದು ನಾಲಗೆ ಲೊಚಗುಟ್ಟಿದ. ಮಾಲೆಫಾಳಿಗೆ ಅವನ ಬೋನಿಗಿಂತ ಆ ಲೊಚಗುಟ್ಟುವಿಕೆಯೇ ಹೊಲಸೆನಿಸಿತು.

ನಾಯಿಯನ್ನು ಹುಡುಕಿ ಬೋನು ಬಿಡಿಸುವ ಹೊತ್ತಿಗೆ ಅದು ಸಿಕ್ಕಿ ಎರಡು ದಿನವಾಗಿತ್ತು. ಪಾದ ಕಪ್ಪಾಗಿ ಊದಿ ನಾರುತ್ತಿತ್ತು. ಬಾಡಿಗೆ ವ್ಯಾನಿನವನು ವಾಸನೆ ಬಡಿದ ಕೂಡಲೇ ಬಾಗಿಲು ಎಳೆದುಕೊಂಡ. ಮಾಲೆಫಾ ನಾಯಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಕತ್ತೆಯ ಮೇಲೆ ಹೇರಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಾರಿಯುದ್ದಕ್ಕೂ ನಾಯಿಯನ್ನೂ ಸತ್ತ ಗಂಡನನ್ನೂ ಬೈಯುತ್ತ ಮೊಖೊಟ್ಲಾಂಗ್ ಪಟ್ಟಣಕ್ಕೆ ನಡೆದಳು. ಪಶುವೈದ್ಯೆ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ಮೊಂಡು ಉಳಿಸಿದರೆ ಕಲ್ಲಿಗೆ ಬಡಿದು ಬಡಿದು ಹುಣ್ಣಾಗುತ್ತದೆ, ಭುಜದವರೆಗೆ ತೆಗೆಯಬೇಕು ಎಂದಳು. ಗಾಯ ಒದ್ದೆಯಾಗಕೂಡದು, ನಾಯಿ ಅದನ್ನು ನೆಕ್ಕಕೂಡದು, ತಿನ್ನಿಸಿ ಬೊಜ್ಜು ಬರಿಸಕೂಡದು, ನಾಲ್ಕನೇ ದಿನದಿಂದ ಸ್ವಲ್ಪ ಸ್ವಲ್ಪ ನಡೆಸಬೇಕು ಎಂದು ಬೆರಳು ಮಡಿಸಿ ಹೇಳಿದಳು. ಮಾಲೆಫಾ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಕತ್ತರಿಸಿದ ಕಾಲು ತನಗೆ ಬೇಕು ಎಂದಳು.

ಅವಳ ಲೆಕ್ಕದಲ್ಲಿ ಅದು ನ್ಯಾಯವೇ. ನಮ್ಮಲ್ಲಿ ಇನ್ನೊಬ್ಬರ ದನವನ್ನೋ ಕುರಿಯನ್ನೋ ಪಾಲಿಗೆ ಸಾಕುವವರು, ಅದು ಸತ್ತರೆ ಅದರ ಚರ್ಮವನ್ನು ಯಜಮಾನನ ಮುಂದಿಡಬೇಕು. ಇಡದಿದ್ದರೆ ಕಡಿದು ತಿಂದ ಕಳ್ಳರು ಎಂದೇ ಅರ್ಥ. ಬಾರೆಂಗ್ ಹುಟ್ಟಿದ್ದು ಸೆಟೆನಾನೆಯ ಹೆಣ್ಣುನಾಯಿಯ ಹೊಟ್ಟೆಯಲ್ಲಿ. ಅವನಿಗೆ ಸಿಟ್ಟು ಬಂದಾಗಲೆಲ್ಲ, ಆ ನಾಯಿಯನ್ನು ನಾನು ನಿಮಗೆ ಪಾಲಿಗೆ ಕೊಟ್ಟದ್ದು, ನೆನಪಿರಲಿ ಎನ್ನುತ್ತಿದ್ದ. ಹಾಗಾದರೆ ನಷ್ಟವಾದ ಭಾಗವನ್ನು ಅವನಿಗೆ ತೋರಿಸಲೇಬೇಕು. ಬೋನಿಟ್ಟವನು ತನ್ನ ಬೋನಿನ ಫಲವನ್ನು ಕಣ್ಣಾರೆ ಕಾಣಲಿ ಎಂಬ ಆಸೆಯೂ ಇರಲಿಲ್ಲವೆಂದಲ್ಲ. ಕಾಲನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ, ಮೈಯಿಂದ ತೋಳುದ್ದ ದೂರ ಹಿಡಿದುಕೊಂಡು ಹೊತ್ತು ತಂದಳು. ಸೆಟೆನಾನೆ ಮನೆಯಲ್ಲಿರಲಿಲ್ಲ. ಹೊಸ್ತಿಲ ಮೇಲಿಟ್ಟು, ಕೈ ತೊಳೆಯಲು ಓಡಿದಳು.

ಹೊಸ್ತಿಲ ಮೇಲೆ ಕುರಿಯ ಚರ್ಮ ಕಂಡರೆ ಲೆಕ್ಕ ಒಪ್ಪಿಸಿದ್ದು. ಅದೇ ಹೊಸ್ತಿಲ ಮೇಲೆ ನಾಯಿಯ ಕಾಲು ಕಂಡರೆ ಮಾಟ. ಇಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯಲಿಲ್ಲ, ಸಿಟ್ಟು ಕಣ್ಣಿಗೆ ಕಟ್ಟಿತ್ತು. ಸೆಟೆನಾನೆಯ ಹೆಂಡತಿ ಮಾಪಾಲೊ ಚೀಲ ಬಿಚ್ಚಿದವಳೇ ಕಿರುಚಿದ ಕಿರುಚಾಟಕ್ಕೆ ಕೋಳಿಗಳು ಮಾಡು ಹತ್ತಿದವು. ಮಾರನೆಯ ದಿನ ಊರ ಒಡತಿ ಮೊರೆನಾಳ ಕಟ್ಟೆಯ ಮುಂದೆ ನ್ಯಾಯ ಸೇರಿತು. ಒಡತಿ ಎಂಬತ್ತರ ಮುದುಕಿ, ನ್ಯಾಯ ಕೇಳುವಾಗಲೂ ಉಣ್ಣೆಯ ಟೋಪಿ ಹೆಣೆಯುವವಳು. ಹಿಂದಿನ ದಿನ ನಾಯಿಗೆ ಪಾಪ ಎಂದ ಜನವೇ ಅವತ್ತು ಮಾಲೆಫಾಳಿಂದ ನಾಲ್ಕು ಹೆಜ್ಜೆ ಸರಿದು ಕೂತರು. ಆ ಬಂಜೆಗೆ ಹೊಟ್ಟೆಕಿಚ್ಚು, ನನ್ನ ಮಕ್ಕಳ ಕಾಲು ಮುರಿಯಲೆಂದು ಇಟ್ಟಿದ್ದಾಳೆ ಎಂದು ಮಾಪಾಲೊ ಅತ್ತಳು. ಮಾಲೆಫಾ ಪಾಲಿನ ಕಟ್ಟಳೆ ಹೇಳಿದಳು. ಆಗ ಸೆಟೆನಾನೆ ಎದ್ದು, ಆ ನಾಯಿ ಎಂದೂ ತನ್ನದಲ್ಲ, ಅಣ್ಣನಿಗೆ ಸುಮ್ಮನೆ ಕೊಟ್ಟದ್ದು, ಅದರ ಕಾಲಿಗೂ ತನಗೂ ಸಂಬಂಧವಿಲ್ಲ ಎಂದು ಎದೆ ಮುಟ್ಟಿಕೊಂಡು ಆಣೆಯಿಟ್ಟ. ಬೋನಿನ ಮಾತು ಯಾರೂ ಎತ್ತಲಿಲ್ಲ. ಮಾಲೆಫಾ ಎತ್ತಹೋದರೆ, ಇಟ್ಟದ್ದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

ಆಣೆಯಿಟ್ಟವನು ಅಷ್ಟಕ್ಕೇ ಕೂರಲಿಲ್ಲ. ಮೂರು ಕಾಲಿನ ನಾಯಿಯನ್ನು ನಂಬಿ ಅಣ್ಣನ ಕುರಿಗಳನ್ನು ನರಿಗೆ ಹಾಕುವುದು ಸರಿಯೇ, ಮಂದೆಯನ್ನು ತನ್ನದರ ಜೊತೆ ಕೂಡಿಸಲು ಅಪ್ಪಣೆಯಾಗಬೇಕು ಎಂದ. ಮುದುಕಿ ಹೆಣೆಯುವುದನ್ನು ನಿಲ್ಲಿಸಿದಳು.

“ಕಾಲನ್ನ ಊರಾಚೆ ಹೂಳಿ. ಹೊಸ್ತಿಲು ತೊಳೀರಿ,” ಎಂದಳು. “ಇನ್ನು ಏಳು ವಾರಕ್ಕೆ ಮೇಲಿನ ಹುಲ್ಲುಗಾವಲು ತೆರೀತೀನಿ. ಅವತ್ತು ಈ ನಾಯಿ ಮಂದೆ ಜೊತೆ ತನ್ನ ಕಾಲ ಮೇಲೇ ದೊಡ್ಡಿ ತನಕ ಹತ್ತಿದ್ರೆ, ಕುರಿ ಅವಳದು, ಯಾರೂ ಬಾಯಿ ಹಾಕ್ಬೇಡಿ. ಎಲ್ಲಾದ್ರೂ ಎತ್ಕೊಂಡ್ರಿ ಅಂದ್ರೆ, ಮಂದೆ ಸೆಟೆನಾನೆದು. ಸೆಟೆನಾನೆ, ನೀನೇ ಜೊತೇಲಿ ಹೋಗಿ ನೋಡು.”

ಹೀಗೆ ನಲವತ್ತೊಂದು ಕುರಿ ಒಂದು ಕುಂಟು ನಾಯಿಯ ಮೇಲೆ ಬಿತ್ತು.

ಮೊದಲ ಹತ್ತು ದಿನ ಮಾಲೆಫಾ ಎಲ್ಲವನ್ನೂ ತಪ್ಪಾಗಿ ಮಾಡಿದಳು. ಮೈ ನೊಂದ ಜೀವವನ್ನು ಆರೈಕೆ ಮಾಡುವ ಒಂದೇ ಒಂದು ರೀತಿ ಅವಳಿಗೆ ಗೊತ್ತಿತ್ತು, ಅದು ಬಾಣಂತಿಯದು. ಬಾಗಿಲು ಮುಚ್ಚಿ, ಕಂಬಳಿ ಹೊದಿಸಿ, ಹೊರಗಿನವರ ನೆರಳು ಬೀಳದಂತೆ ಮಲಗಿಸಿ, ತೆಳ್ಳನೆಯ ಗಂಜಿ, ಕುರಿಯ ಬಾಲದ ಕೊಬ್ಬು, ಮತ್ತೆ ಗಂಜಿ. ತಾನು ಒಂದು ದಿನವೂ ಮಲಗದ ಬಾಣಂತನವನ್ನು ಅವಳು ನಾಯಿಗೆ ಮಾಡಿದಳು. ನಾಯಿ ಮೈ ತುಂಬಿಕೊಂಡು, ಕಣ್ಣು ಮಂಕಾಗಿ, ಮಲಗಿದಲ್ಲೇ ಹೇತುಕೊಂಡಿತು. ಕಂಬಳಿ ಒಗೆಯುವಾಗ ಎರಡು ಸಲ ಅವಳು ಗೋಡೆ ಹಿಡಿದು ವಾಂತಿ ಮಾಡಿದಳು. ಒಂಬತ್ತನೆಯ ದಿನ ಗಾಯದ ಅಂಚು ಬಿಟ್ಟು ಹಳದಿ ನೀರು ಸೋರಿತು. ಹತ್ತನೆಯ ದಿನ ಅದರಲ್ಲಿ ಹುಳು ಕಂಡವು.

ಫೋನಿನಲ್ಲಿ ವೈದ್ಯೆ ಎಲ್ಲ ಕೇಳಿಸಿಕೊಂಡು, “ಅದೇನು ಹೆತ್ತಿದ್ಯೇನಮ್ಮ? ಎಬ್ಬಿಸಿ ಅದನ್ನ. ಉಪ್ಪುನೀರು ಕಾಯಿಸಿ, ಹುಳ ಒಂದೊಂದಾಗಿ ತೆಗೀರಿ, ಬಿಸಿಲಿಗೆ ಒಯ್ಯಿರಿ,” ಎಂದಳು.

ಹುಳು ತೆಗೆದ ಆ ಮಧ್ಯಾಹ್ನವನ್ನು ಮಾಲೆಫಾ ಮುಂದೆ ಯಾರ ಬಳಿಯೂ ಹೇಳಲಿಲ್ಲ. ಅಕ್ಕಿಕಾಳಿನಂಥವು, ಬೆಚ್ಚಗಿದ್ದವು, ಚಿಮುಟದಲ್ಲಿ ಹಿಡಿದರೆ ಮಿಸುಕಾಡಿದವು. ಬಟ್ಟಲಿನ ಉಪ್ಪುನೀರಿಗೆ ಹಾಕುತ್ತ ಎಣಿಸಿದಳು, ಎಣಿಸದಿದ್ದರೆ ಎದ್ದು ಓಡಿಹೋಗುತ್ತಿದ್ದಳು. ಅರವತ್ತ ಮೂರು. ನಾಯಿ ಕದಲದೆ ಮಲಗಿ ಅವಳ ಮುಖವನ್ನೇ ನೋಡುತ್ತಿತ್ತು. ನೋಡಬೇಡ್ವೋ ದರಿದ್ರವೇ ಎಂದು ಅವಳು ಅದರ ಕಣ್ಣಿಗೆ ಬಟ್ಟೆ ಹಾಕಿದಳು. ತನ್ನ ಮುಖದ ಮೇಲೆ ಎಂಥ ಅಸಹ್ಯ ಬರೆದಿದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ನಾಯಿ ಓದುವುದು ಬೇಡವಾಗಿತ್ತು.

ಅಲ್ಲಿಂದ ನಡಿಗೆ ಶುರುವಾಯಿತು. ಬಣ್ಣದ ಡಬ್ಬಿಯ ತಳ ಕತ್ತರಿಸಿ, ನೆಕ್ಕದಂತೆ ನಾಯಿಯ ಕೊರಳಿಗೆ ತೊಡಿಸಿದಳು. ಡಬ್ಬಿ ಕಂಡಕಂಡ ಕಡೆಗೆಲ್ಲ ಬಡಿದು ಮನೆಯ ಪಾತ್ರೆಗಳು ಉರುಳಿದವು. ಅವಳ ಮನೆಯ ನೆಲವೋ, ಸಗಣಿ ಸಾರಿಸಿ, ಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ನೆಲ, ಊರಿನಲ್ಲೇ ಹೆಸರಾದದ್ದು. ಒಂದೇ ಮುಂಗಾಲಿನ ನಾಯಿ ಅದರ ಮೇಲೆ ನಿಲ್ಲಹೋದರೆ ಕಾಲು ಜಾರಿ ಗಲ್ಲ ನೆಲಕ್ಕೆ ಕುಟ್ಟುತ್ತಿತ್ತು. ಮೂರು ದಿನ ನೋಡಿದಳು. ನಾಲ್ಕನೆಯ ದಿನ ಸಗಣಿಗೆ ಹೊಳೆಯ ಮರಳು ಕಲಸಿ, ಇಪ್ಪತ್ತು ವರ್ಷದ ನುಣುಪಿನ ಮೇಲೆ ಒರಟಾಗಿ ಬಳಿದಳು. ಬಳಿದು ಮುಗಿಸಿ, ಇಂಥ ಕೊಳಕು ನೆಲ ಹಂದಿಯ ಗೂಡಿನಲ್ಲೂ ಇರುವುದಿಲ್ಲ ಎಂದು ಕೂತು ಅತ್ತಳು. ಬಾರೆಂಗ್ ಎದ್ದು ನಿಂತು, ಬಾಗಿಲ ತನಕ ಕುಪ್ಪಳಿಸಿ ಹೋಯಿತು.

ಮೊದಲು ಬೂದಿಗುಡ್ಡೆಯ ತನಕ, ಆಮೇಲೆ ನೀರಿನ ಊಟೆಯ ತನಕ, ಆಮೇಲೆ ಏರು ಹತ್ತಿ ಉಣ್ಣೆಮನೆಯ ತನಕ. ಕೊಬ್ಬು ನಿಂತಿತು, ಮುದ್ದೆ ಅರ್ಧವಾಯಿತು. ಕದ್ದು ತಿನ್ನಿಸಿದ ಕಾಬೆಲೊಗೆ ಬೈಗುಳ ಬಿತ್ತು. ಉಳಿದೊಂದು ಮುಂಗಾಲಿನ ಭುಜ ಸಂಜೆಗೆ ಕಲ್ಲಿನಂತೆ ಬಿಗಿಯುತ್ತಿತ್ತು, ಅದನ್ನು ಅವಳು ಉಣ್ಣೆಯ ಜಿಡ್ಡು ಮೆತ್ತಿದ ಕೈಯಿಂದ ತಿಕ್ಕಿ ಸಡಿಲಿಸುತ್ತಿದ್ದಳು. ನಾಯಿಯ ವಾಸನೆ ಕೈಗೆ, ಕೈಯಿಂದ ಊಟಕ್ಕೆ ಬಂದು ಎಷ್ಟೋ ದಿನ ಅವಳು ಮುದ್ದೆ ಮುರಿದು ಹಾಗೇ ಬಿಟ್ಟದ್ದುಂಟು. ಬಾರೆಂಗ್ ಹಳೇ ಅಭ್ಯಾಸದಂತೆ ಗೋಡೆಗೆ ಹಿಂಗಾಲೆತ್ತಹೋಗಿ, ಎರಡೇ ಕಾಲಲ್ಲಿ ತೂಕ ತಪ್ಪಿ ತನ್ನ ಉಚ್ಚೆಯ ಮೇಲೇ ಬೀಳುತ್ತಿತ್ತು. ಮೂರು ವಾರ ಬಿದ್ದು ಬಿದ್ದು, ಕೊನೆಗೆ ಹೆಣ್ಣುನಾಯಿಯಂತೆ ಕುಕ್ಕರಿಸುವುದನ್ನು ಕಲಿಯಿತು. ಅವಳು ಬಿಂದಿಗೆ ನೀರು ತಂದು ಸುರಿಯುವಳು, ಮೂಗು ಮುಚ್ಚಿಕೊಂಡು ಒರೆಸುವಳು. ಒಂದು ಒಳ್ಳೆಯ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ನಡಿ, ಹೊಲಸೇ, ನಡಿ ಎನ್ನುವುದೇ ಅವಳ ಮುದ್ದು.

ಉಣ್ಣೆಮನೆಯ ದಾರಿ ಹೆಂಡದ ಮನೆಯ ಮುಂದೆಯೇ ಹಾದುಹೋಗುತ್ತದೆ. ಹೆಂಡ ಕುದಿದ ದಿನ ಅಲ್ಲಿ ಬಿಳಿ ಬಾವುಟ ಏರುತ್ತದೆ, ಬೇಲಿಯ ಮೇಲೆ ಗಂಡಸರು ಸಾಲಾಗಿ ಕೂರುತ್ತಾರೆ. ಅವರಿಗೆ ಇವಳೊಂದು ಬಿಟ್ಟಿ ನಾಟಕ. ಮೊದಲು ನಾಯಿ ಕುಕ್ಕರಿಸುವುದನ್ನು ಅಣಕಿಸಿ ನಕ್ಕರು. ಮಾಲೆಫಾ ತಿರುಗಿ ನೋಡಲಿಲ್ಲ. ಐದನೆಯ ವಾರ ಅವರಲ್ಲೊಬ್ಬನಿಗೆ ಅದಕ್ಕಿಂತ ಒಳ್ಳೆಯದು ಹೊಳೆಯಿತು. ಅವನ ಹೆಸರು ನಾನು ಬರೆಯುವುದಿಲ್ಲ, ಅಷ್ಟು ಮರ್ಯಾದೆಗೂ ಅವನು ಯೋಗ್ಯನಲ್ಲ.

“ತಾಯೀ, ಲೆಫಾನ್ನ ಎಲ್ಲಿಗ್ ಕರ್ಕೊಂಡ್ ಹೊರಟ್ರಿ? ಇಷ್ಟ್ ವರ್ಷ ಆದ್ಮೇಲೆ ಹೆತ್ತು, ಒಂದ್ ಕಾಲು ಒಳಗೇ ಬಿಟ್ ಬಂದ್ರಾ?”

ಬೇಲಿಯುದ್ದಕ್ಕೂ ನಗು ಎದ್ದಿತು. ಅವಳ ಗಂಡನ ಶವಕ್ಕೆ ಹೆಗಲು ಕೊಟ್ಟವರೇ ಅಲ್ಲಿ ಕೂತಿದ್ದರು. ಅವಳು ಕೊಟ್ಟ ಕಂಬಳಿ ಹೊದ್ದವನೊಬ್ಬ ಹಲ್ಲು ಬಿಡುತ್ತಿದ್ದ. ಮಾಲೆಫಾ ನಿಂತಳು. ನಿಧಾನವಾಗಿ ಬೇಲಿಯ ಹತ್ತಿರ ಬಂದಳು. ಕೈಯಿಂದ ಕೈಗೆ ಹೋಗುತ್ತಿದ್ದ ಹೆಂಡದ ಡಬ್ಬಿಯನ್ನು, ಕೊಡಿ ಇಲ್ಲಿ ಎಂದು ಕೇಳಿ ಇಸಿದುಕೊಂಡಳು. ಅವಳೂ ಒಂದು ಗುಟುಕು ಕುಡಿಯುತ್ತಾಳೆಂದು ತಿಳಿದು ಕೊಟ್ಟರು. ಜೀವಮಾನದಲ್ಲಿ ಯಾರ ಎಂಜಲಿಗೂ ಬಾಯಿ ಹಚ್ಚದ ಹೆಂಗಸು ಗಂಟಲಿನ ಆಳದಿಂದ ಎಳೆದು ಆ ಡಬ್ಬಿಯೊಳಗೆ ಉಗಿದಳು. ಬೆರಳು ಹಾಕಿ ಕದಡಿದಳು. ಡಬ್ಬಿ ತುಂಬಿತ್ತು, ಚೆಲ್ಲುವ ಮನಸ್ಸು ಯಾರಿಗೂ ಇರಲಿಲ್ಲ. ಅವಳು ತಿರುವು ದಾಟುವ ಮೊದಲೇ ಅವರು ಅದನ್ನೇ ಮತ್ತೆ ಹೀರುವ ಸದ್ದು ಅವಳ ಕಿವಿಗೆ ಬಿತ್ತು. ಉಗಿದರೂ ಕುಡಿಯುವ ಜನಕ್ಕೆ ಏನು ಮಾಡುವುದು? ಅವಳಿಗೆ ಅಂದು ಇಡೀ ಊರು ಒಂದು ಕೊಳೆತ ತುಪ್ಪಟದಂತೆ ಕಂಡಿತು, ಬಿಡಿಸಿ ಇಟ್ಟುಕೊಳ್ಳುವಂಥದ್ದು ಒಂದು ಎಳೆಯೂ ಇಲ್ಲವೆನಿಸಿತು.

ಹುಲ್ಲುಗಾವಲು ತೆರೆದ ದಿನ ಬೆಳಕು ಹರಿಯುವ ಹೊತ್ತಿಗೆ ಮಂದೆ ಹೊರಟಿತು. ಮುಂದೆ ಕಾಬೆಲೊ, ನಡುವೆ ಕುರಿಗಳು, ಪಕ್ಕದಲ್ಲಿ ಬಾರೆಂಗ್, ಹಿಂದೆ ಮಾಲೆಫಾ. ಅವಳ ಹಿಂದೆ ಕಂಬಳಿ ಹೊದ್ದು, ದೊಣ್ಣೆ ಊರಿಕೊಂಡು, ಹೆಣದ ಹಿಂದೆ ನಡೆಯುವವನಂತೆ ಮುಖ ಮಾಡಿಕೊಂಡು ಸೆಟೆನಾನೆ. ಅವನ ಮಂದೆ ಅವನ ಕುರುಬನ ಜೊತೆ ಸ್ವಲ್ಪ ಮುಂದಿತ್ತು. ಐದು ತಾಸಿನ ಏರು. ಮೊದಲೆರಡು ತಾಸು ನಾಯಿ ಚೆನ್ನಾಗಿಯೇ ನಡೆಯಿತು, ಕುಪ್ಪಳಿಸಿ ಕುಪ್ಪಳಿಸಿ, ತಲೆ ಮೇಲೆ ಕೆಳಗೆ ಮಾಡುತ್ತ. ಹೊಳೆ ದಾಟುವಾಗ ನೀರಿನ ಸೆಳೆತಕ್ಕೆ ಮಗುಚಿಬಿದ್ದು ಹತ್ತು ಮಾರು ಕೆಳಗೆ ಹೋಗಿ ಎದ್ದಿತು. ಮಾಲೆಫಾಳ ಕೈ ತಾನಾಗಿ ಮುಂದೆ ಹೋದದ್ದನ್ನು ನೋಡಿ ಸೆಟೆನಾನೆ ಕೆಮ್ಮಿದ. ಅವಳು ಕೈಯನ್ನು ಕಂಬಳಿಯೊಳಗೆ ಕಟ್ಟಿಕೊಂಡಳು.

ಮೂರನೆಯ ತಾಸಿಗೆ ಕಲ್ಲಿನ ಮೆಟ್ಟಿಲು ಬಂತು. ಎರಡು ಬಂಡೆಗಳ ನಡುವೆ ಎದೆಯೆತ್ತರದ ನಾಲ್ಕು ಏರು, ಕುರಿಗಳು ಒಂದೊಂದಾಗಿ ನೆಗೆದು ಹೋಗುವ ಜಾಗ. ಬಾರೆಂಗ್ ನೆಗೆಯಿತು. ಒಂದೇ ಮುಂಗಾಲು ಅಂಚಿಗೆ ಸಿಕ್ಕಿತು, ಹಿಡಿತ ಸಾಲದೆ ಗಲ್ಲ ಬಡಿದು ಕೆಳಗೆ ಬಿತ್ತು. ಮತ್ತೆ ನೆಗೆಯಿತು, ಮತ್ತೆ ಬಿತ್ತು. ಮೂರನೆಯ ಸಲಕ್ಕೆ ಬಾಯಿಂದ ರಕ್ತ ಬಂತು, ನಾಯಿ ಕೂತುಬಿಟ್ಟಿತು. ಕುರಿಗಳೆಲ್ಲ ಮೇಲೆ ಹೋಗಿದ್ದವು.

“ಸಾಕು ಬಿಡಿ ಅತ್ತಿಗೆ,” ಎಂದ ಸೆಟೆನಾನೆ. “ಜೀವ ಇರೋ ಪ್ರಾಣಿ. ಎತ್ಕೊಳ್ಳಿ ಪಾಪ. ಯಾಕ್ ಹಿಂಗ್ ಹಿಂಸೆ ಕೊಡ್ತೀರ?”

ಆ ಕರುಣೆಯ ದನಿ ಎಂಥದೆಂದು ಅವಳಿಗೆ ಗೊತ್ತಿತ್ತು. ಎತ್ತಿಕೊಂಡರೆ ಕುರಿ ಅವನದು, ಎತ್ತಿಕೊಳ್ಳದಿದ್ದರೆ ಅವಳು ಕಟುಕಿ. ಬೋನಿಟ್ಟವನ ಬಾಯಲ್ಲಿ ಹಿಂಸೆಯೆಂಬ ಮಾತು. ಅವಳು ನಾಯಿಯ ಕಡೆಗೆ ನೋಡಲಿಲ್ಲ, ನೋಡಿದರೆ ಅದು ಅಲ್ಲೇ ಮಲಗಿಬಿಡುತ್ತದೆ ಎಂದು ಏಳು ವಾರದಲ್ಲಿ ಕಲಿತಿದ್ದಳು. ಲಂಗ ಎತ್ತಿ ಕಟ್ಟಿ, ಬಂಡೆ ಹಿಡಿದು ನಾಲ್ಕೂ ಏರು ಹತ್ತಿ, ಹಿಂತಿರುಗದೆ ನಡೆದಳು. ಪ್ರತಿ ಹೆಜ್ಜೆಗೂ ಕಿವಿ ಹಿಂದೆಯೇ ಇತ್ತು. ಏನೂ ಕೇಳಿಸಲಿಲ್ಲ. ಮೇಲಿನ ಬಯಲು ತಲುಪಿದಾಗ ಅವಳ ಮಂದೆಯ ಒಂದು ಎಳೆಯ ಕುರಿ ಗುಂಪು ಬಿಟ್ಟು, ಮುಂದಿದ್ದ ಸೆಟೆನಾನೆಯ ಮಂದೆಯ ಕಡೆಗೆ ಓಡಿತು. ಅದರ ಹಿಂದೆ ಇನ್ನು ಮೂರು. ಕಾಬೆಲೊ ಕೂಗಿದ, ಅವನ ಕೂಗಿಗೆ ಕುರಿಗಳು ಎಂದೂ ಬೆಲೆ ಕೊಟ್ಟವಲ್ಲ.

ಆಗ ಎಡಗಡೆಯ ಹುಲ್ಲಿನ ಇಳಿಜಾರಿನ ಮೇಲಿಂದ, ಯಾರೂ ನೋಡದ ಕಡೆಯಿಂದ, ಬಾರೆಂಗ್ ಬಂತು. ಮೆಟ್ಟಿಲು ಬಿಟ್ಟು, ಬಂಡೆಯನ್ನು ಬಳಸಿ ಅರ್ಧ ಮೈಲಿ ಸುತ್ತು ಹಾಕಿ, ತನಗೆ ತಕ್ಕ ದಾರಿ ತಾನೇ ಹುಡುಕಿಕೊಂಡಿತ್ತು. ಬಾಯಲ್ಲಿ ರಕ್ತ, ಹೊಟ್ಟೆಯೆಲ್ಲ ಕೆಸರು. ಕುರಿಗಳ ಮುಂದೆ ಬಂದು ತಿರುಗಿ, ಮೂರು ಕಾಲಲ್ಲಿ ನಿಂತು, ಒಂದೇ ಸಲ ಬೊಗಳಿತು. ನಾಲ್ಕೂ ಹಿಂತಿರುಗಿ ಗುಂಪು ಸೇರಿದವು. ದೊಡ್ಡಿಯ ತನಕ ಮುಂದಿನ ಎರಡು ತಾಸು ಸೆಟೆನಾನೆ ದೊಣ್ಣೆ ಊರುತ್ತ ಹಿಂದೆಯೇ ನಡೆದ, ನಾಯಿಯನ್ನು ಯಾರೂ ಎತ್ತಲಿಲ್ಲ.

ದೊಡ್ಡಿಯಲ್ಲಿ ಕುರಿ ಎಣಿಸಿ ಕೂಡಿದ ಮೇಲೆ ಮಾಲೆಫಾ ನೀರಿಗೆ ಹೋದಳು. ತನ್ನ ಮಂದೆ ತನಗೇ ಉಳಿದಿದ್ದಕ್ಕೆ ಸಂತೋಷ ಬರಬೇಕಾಗಿತ್ತು, ಬರುತ್ತದೆ ಎಂದು ಕಾಯುತ್ತ ಬಿಂದಿಗೆ ತುಂಬಿಸಿದಳು. ಹಿಂತಿರುಗಿ ಕಲ್ಲುಗುಡಿಸಲಿನ ಗೋಡೆಯ ಹತ್ತಿರ ಬಂದಾಗ ಆಚೆ ಕಡೆಯಿಂದ ಸಣ್ಣ ದನಿ ಕೇಳಿಸಿತು. ಸೆಟೆನಾನೆ ಕುಕ್ಕರುಗಾಲಲ್ಲಿ ಕೂತು ನಾಯಿಗೆ ಒಣಮಾಂಸ ಕೊಡುತ್ತಿದ್ದ. ಇನ್ನೊಂದು ಕೈ ಅದರ ಭುಜದ ಗಾಯದ ಕಲೆಯ ಮೇಲಿತ್ತು.

“ನಾನೇ ಕಣೋ ಇಟ್ಟಿದ್ದು,” ಎನ್ನುತ್ತಿದ್ದ. “ನರಿಗೆ ಅಂತ ಇಟ್ಟೆ. ಸಾರೋಕ್ ಹೋದ್ರೆ ಎಲ್ಲಿ ಬೇರೆಯವ್ರು ನರಿ ಚರ್ಮ ಹೊಡ್ಕೊಂಡ್ ಹೋಗ್ತಾರೋ ಅಂತ ಸುಮ್ನಿದ್ದೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಕಣಪ್ಪ.”

ಬಾರೆಂಗ್ ಅವನ ಬೆರಳುಗಳನ್ನು ಒಂದೊಂದಾಗಿ ನೆಕ್ಕಿತು. ಬಾಲ ಅಲ್ಲಾಡಿಸಿತು.

ಮಾಲೆಫಾ ಹುಳು ಕಂಡಿದ್ದಳು, ಕೀವು ಕಂಡಿದ್ದಳು, ಉಗುಳು ಬಿದ್ದ ಹೆಂಡ ಕುಡಿಯುವವರನ್ನು ಕಂಡಿದ್ದಳು. ಇದರಷ್ಟು ಅಸಹ್ಯವಾದದ್ದನ್ನು ಕಂಡಿರಲಿಲ್ಲ. ಊರ ಮುಂದೆ ಆಣೆಯಿಟ್ಟ ಬಾಯಿ, ಅವಳನ್ನು ಮಾಟಗಾತಿ ಎನ್ನುವಾಗ ಸುಮ್ಮನಿದ್ದ ಬಾಯಿ, ಯಾರಿಗೂ ಹೇಳಲಾಗದ ನಾಯಿಯ ಕಿವಿಯಲ್ಲಿ ತಪ್ಪೊಪ್ಪಿಕೊಂಡು ಹಗುರಾಗುತ್ತಿತ್ತು. ಈ ದರಿದ್ರ ಪ್ರಾಣಿಯೋ ಅದನ್ನು ಒಪ್ಪಿಕೊಂಡೂ ಬಿಟ್ಟಿತು. ಕಚ್ಚಬೇಡವೇ? ಒಂದು ಸಲ ಗುರ್ ಎನ್ನಬೇಡವೇ? ಅವಳು ಬಿಂದಿಗೆ ಇಳಿಸಿ ಗೋಡೆ ಬಳಸಿ ಬಂದು ಅವನ ಎದುರು ನಿಂತಳು.

“ನಂಗೂ ಹೇಳು,” ಎಂದಳು.

ಸೆಟೆನಾನೆ ಬೆಚ್ಚಿ ಎದ್ದ. ಅತ್ತಿತ್ತ ನೋಡಿದ. “ಅತ್ತಿಗೆ, ಕಾಬೆಲೊ ಇದ್ದಾನೆ ಅಲ್ಲಿ.”

“ಇರ್ಲಿ ಅಂತ್ಲೇ ಕೇಳ್ತಿರೋದು. ನೀನು ಹೇಳಿದ್ದು ನಾಯಿಗೆ. ಅದು ಕ್ಷಮಿಸ್ತು, ಅದರ ಬುದ್ಧಿ ಅಷ್ಟೆ. ನಾನು ನಾಯಿಯಲ್ಲ.”

ಅವನು ಕಂಬಳಿ ಸರಿಮಾಡಿಕೊಂಡ, ದೊಣ್ಣೆ ಎತ್ತಿಕೊಂಡ. ಆಮೇಲೆ, ಮಳೆ ಬರೋ ಹಾಗಿದೆ, ಬೇಗ ಇಳೀಬೇಕು ಎಂದು ಹೇಳಿ ತನ್ನ ದೊಡ್ಡಿಯ ಕಡೆಗೆ ನಡೆದುಬಿಟ್ಟ.

ಮಾಲೆಫಾ ಕಾಬೆಲೊಗೆ ನಾಯಿಯ ಊಟದ ಅಳತೆ ಹೇಳಿದಳು, ಭುಜ ತಿಕ್ಕುವುದನ್ನು ತೋರಿಸಿಕೊಟ್ಟಳು, ಊರಿನ ದಾರಿ ಹಿಡಿದಳು. ಬಯಲಿನ ಅಂಚಿಗೆ ಬಂದಾಗ ಹಿಂದೆ ಆ ಹೆಜ್ಜೆಯ ಸದ್ದು ಕೇಳಿಸಿತು, ಎರಡು ಬೇಗ, ಒಂದು ಭಾರ. ಬಾರೆಂಗ್ ಬರುತ್ತಿತ್ತು. ಐದಾರು ವಾರ ಅವಳ ಹಿಂದೆಯೇ ನಡೆದು ಅಭ್ಯಾಸ. ಹೋಗು ಎಂದಳು, ಕೂತಿತು. ಅವಳು ನಡೆದಳು, ಅದೂ ಎದ್ದಿತು. ಅದು ಕೆಳಗೆ ಬಂದರೆ ಮಂದೆ ಕಾಯುವವರಿಲ್ಲ. ನಾಲ್ಕು ದಿನದಲ್ಲಿ ಮುದುಕಿಯ ಮುಂದೆ ಮತ್ತೆ ನ್ಯಾಯ, ಮತ್ತೆ ಸೆಟೆನಾನೆ, ಮತ್ತೆ ಆ ಕರುಣೆಯ ದನಿ.

ಅವಳು ಕಲ್ಲೆತ್ತಿದಳು. ಬಾರೆಂಗ್ ಅವಳನ್ನು ಬಲ್ಲ ನಾಯಿ, ಇವಳು ಬೈಯುವವಳೇ ಹೊರತು ಹೊಡೆಯುವವಳಲ್ಲ ಎಂದು ಬಾಲ ಅಲ್ಲಾಡಿಸಿತು, ಆ ಮನುಷ್ಯನಿಗೆ ಅಲ್ಲಾಡಿಸಿದಂತೆಯೇ. ಅವಳು ಗುರಿಯಿಟ್ಟು ಹೊಡೆದಳು. ಕಲ್ಲು ಪಕ್ಕೆಗೆ ಬಿತ್ತು. ನಾಯಿ ಕುಂಯ್ ಎಂದು ಮುಗ್ಗರಿಸಿ, ಎದ್ದು, ಅವಳನ್ನು ಒಂದು ಕ್ಷಣ ನೋಡಿತು. ಆಮೇಲೆ ತಿರುಗಿ ಮಂದೆಯ ಕಡೆಗೆ ಏರು ಹತ್ತಿತು, ಎಲ್ಲೂ ನಿಲ್ಲದೆ, ಚೆನ್ನಾಗಿಯೇ ಹತ್ತಿತು. ಅದು ಕುರಿಗಳ ಹಿಂದೆ ಮರೆಯಾಗುವ ತನಕ ಮಾಲೆಫಾ ಅಲ್ಲೇ ನಿಂತಿದ್ದಳು. ಬಲಗೈಯನ್ನು ಕಂಬಳಿಗೆ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡು, ಮಳೆಗೆ ಮುಂಚೆ ಹೊಳೆ ದಾಟಬೇಕೆಂದು ಇಳಿಯತೊಡಗಿದಳು.